ನೋವಿಲ್ಲದ ಹಲ್ಲಿಗೆ ಯಾಕೆ ಇಷ್ಟೊಂದು ಬಿಲ್ಲು?

"ನೋವು ನಿಂತೋಗಿದೆ ಡಾಕ್ಟ್ರೇ, ಈಗೇನೂ ತೊಂದ್ರೆ ಇಲ್ಲ, ಸುಮ್ನೆ ಒಂದ್ಸಲ ತೋರಿಸ್ಕೊಂಡು ಹೋಗೋಣ ಅಂತ ಬಂದೆ" ಅಂತ ಚೇರಲ್ಲಿ ಒರಗಿದವರಿಗೆ ಎಕ್ಸ್‌ರೇ ತೆಗ್ದು, ಇದಕ್ಕೆ ರೂಟ್ ಕೆನಾಲ್ ಆಗ್ಬೇಕು, ಆಮೇಲೆ ಮೇಲೊಂದು ಕ್ಯಾಪ್ ಹಾಕ್ಬೇಕು, ಖರ್ಚು ಇಷ್ಟಾಗುತ್ತೆ ಅಂದಾಗ ಅವರ ಮುಖದಲ್ಲಿ ಬರೋ ಆ ಒಂದು ನೋಟ ಇದ್ಯಲ್ಲ, ಅದು ನಂಗೆ ಚೆನ್ನಾಗಿ ಪರಿಚಯ. ಬಾಯಿಬಿಟ್ಟು ಹೇಳಲ್ಲ, ಹೇಳೋಕೂ ಆಗಲ್ಲ ಬಿಡಿ, ಬಾಯಲ್ಲಿ ಹತ್ತಿ ತುರುಕಿರ್ತೀವಿ. ಆದ್ರೆ ಒಳಗೊಳಗೆ "ನೋವೇ ಇಲ್ದಿರೋ ಹಲ್ಲಿಗೆ ಇಷ್ಟು ದುಡ್ಡಾ, ಇವ್ರು ಬಿಲ್ ಬೆಳೆಸ್ತಿದಾರೆ" ಅಂತ ಓಡ್ತಾ ಇರುತ್ತೆ. ಅವರ ತಪ್ಪು ಅಂತ ನಾನು ಹೇಳಲ್ಲ. ಮೈಯಲ್ಲಿ ಬೇರೆಲ್ಲೇ ಆದ್ರೂ ನೋವು ಜಾಸ್ತಿ ಆದ್ರೆ ಕಾಯಿಲೆ ಜಾಸ್ತಿ, ನೋವು ಹೋದ್ರೆ ವಾಸಿ ಆಯ್ತು ಅಂತಾನೇ ನಾವೆಲ್ಲ ಲೆಕ್ಕ ಹಾಕೋದು. ಹಲ್ಲಿನ ವಿಷಯದಲ್ಲಿ ಮಾತ್ರ ಈ ಲೆಕ್ಕ ಕೈ ಕೊಡುತ್ತೆ. ಇಲ್ಲಿ ಟ್ರೀಟ್‌ಮೆಂಟ್ ಯಾವುದು, ಬಿಲ್ ಎಷ್ಟು ಅನ್ನೋದನ್ನ ತೀರ್ಮಾನ ಮಾಡೋದು ನೋವಲ್ಲ, ಆಳ. ಹುಳುಕು ಎಷ್ಟು ಪದರ ದಾಟಿ ಒಳಗೆ ಇಳ್ದಿದೆ ಅನ್ನೋದು. ಅದೊಂದು ಅರ್ಥ ಆದ್ರೆ ಡೆಂಟಿಸ್ಟ್ ಬರ್ಕೊಡೋ ಚೀಟೀನ ನೀವೇ ಮುಕ್ಕಾಲು ಭಾಗ ಓದ್ಕೋಬಹುದು.

ಮೊದ್ಲು ಹಲ್ಲನ್ನ ಉದ್ದಕ್ಕೆ ಸೀಳಿದ ಹಾಗೆ ಕಲ್ಪನೆ ಮಾಡ್ಕೊಳಿ. ಹೊರಗಡೆ ಬೆಳ್ಳಗೆ ಕಾಣೋದು ಎನಾಮಲ್, ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ, ಮೂಳೆ ಕೂಡ ಅಷ್ಟು ಗಟ್ಟಿ ಅಲ್ಲ, ತೂಕದ ಲೆಕ್ಕದಲ್ಲಿ ಸುಮಾರು ಶೇ. 96 ಬರೀ ಖನಿಜ. ಅದರ ಬಲಾನೂ ಅದೇ ದೌರ್ಬಲ್ಯಾನೂ ಅದೇ, ಯಾಕಂದ್ರೆ ಅದರಲ್ಲಿ ಜೀವಕೋಶ ಇಲ್ಲ, ನರ ಇಲ್ಲ, ಹಾಗಾಗಿ ಕೊರೆದ್ರೂ ನೋಯಲ್ಲ, ಒಂದ್ಸಲ ತೂತು ಬಿದ್ರೆ ಮತ್ತೆ ಬೆಳೆಯೋದೂ ಇಲ್ಲ. ಮೂಳೆ ಮುರಿದ್ರೆ ಕೂಡುತ್ತೆ, ಚರ್ಮ ಕೊಯ್ದ್ರೆ ಮಾಯುತ್ತೆ, ಎನಾಮಲ್ ಹೋದ್ರೆ ಹೋಯ್ತು ಅಷ್ಟೇ. ಅದರ ಕೆಳಗೆ ಡೆಂಟಿನ್, ಸ್ವಲ್ಪ ಹಳದಿ, ಸ್ವಲ್ಪ ಮೆತ್ತಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು ಅದರ ತುಂಬಾ ಇರುತ್ವೆ, ತಣ್ಣೀರು ಕುಡಿದಾಗ ಜುಮ್ ಅನ್ನೋದು ಈ ಕೊಳವೆಗಳ ದಾರಿಯಿಂದಾನೇ. ಅದಕ್ಕೂ ಒಳಗೆ, ನಟ್ಟನಡುವೆ ಪಲ್ಪ್, ಅಂದ್ರೆ ನರ ರಕ್ತನಾಳ ಎಲ್ಲ ಇರೋ ಜೀವಂತ ಭಾಗ, ಅದು ಬೇರಿನ ತುದಿವರೆಗೂ ಸಣ್ಣ ಕಾಲುವೆ ಥರ ಇಳಿದಿರುತ್ತೆ. ಆ ಕಾಲುವೆಯನ್ನೇ ಕೆನಾಲ್ ಅನ್ನೋದು.

ಈಗ ಹುಳುಕು. ನಮ್ಮ ಭಾಷೇಲೇ ಹುಳ ಕೂತ್ಬಿಟ್ಟಿದೆ ನೋಡಿ, "ಹಲ್ಲಿಗೆ ಹುಳ ಹಿಡಿದಿದೆ" ಅಂತೀವಿ. ಹಲ್ಲಿನ ಹುಳದ ನಂಬಿಕೆ ನಮ್ಮೊಬ್ಬರದ್ದೇ ಅಲ್ಲ, ಈಗಿನ ಇರಾಕ್ ಕಡೆಯ ಪ್ರಾಚೀನ ಮೆಸೊಪೊಟೇಮಿಯಾದ ಜೇಡಿಮಣ್ಣಿನ ಹಲಗೆಗಳಲ್ಲೂ ಅದರ ಕಥೆ ಇದೆ. ಫ್ರಾನ್ಸಿನ ಪಿಯರ್ ಫೋಶಾರ್ ಅನ್ನೋ ದಂತವೈದ್ಯ 1728ರಲ್ಲಿ ಬರೆದ ಪುಸ್ತಕದಲ್ಲಿ ಹುಳುಕಿಗೆ ಹುಳ ಕಾರಣ ಅನ್ನೋದನ್ನ ಒಪ್ಪಲಿಲ್ಲ, ಆಮೇಲೆ 1890ರಲ್ಲಿ ಮಿಲ್ಲರ್ ಅನ್ನೋ ವಿಜ್ಞಾನಿ, ಬಾಯಲ್ಲಿರೋ ಬ್ಯಾಕ್ಟೀರಿಯಾ ನಾವು ತಿಂದಿದ್ದನ್ನ ಹುಳಿ ಮಾಡಿ ಆಸಿಡ್ ಬಿಡುತ್ವೆ, ಆ ಆಸಿಡ್ ಹಲ್ಲಿನ ಖನಿಜ ಕರಗಿಸುತ್ತೆ ಅಂತ ವಿವರಿಸಿದ. ಇವತ್ತಿಗೂ ಮೂಲ ವಿವರಣೆ ಅದೇ. ಬಾಯೊಳಗಿನ ಪಿಎಚ್ (ಆಸಿಡ್ ಎಷ್ಟಿದೆ ಅನ್ನೋ ಅಳತೆ, ಕಮ್ಮಿ ಆದಷ್ಟೂ ಆಸಿಡ್ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಇಳಿದಾಗ ಎನಾಮಲ್ ಕರಗೋಕೆ ಶುರು ಆಗುತ್ತೆ, ಆಮೇಲೆ ಜೊಲ್ಲು ಬಂದು ಆಸಿಡ್ ತೊಳ್ದು, ಕಳ್ಕೊಂಡ ಖನಿಜ ಸ್ವಲ್ಪ ವಾಪಸ್ ತುಂಬಿ ರಿಪೇರಿ ಮಾಡುತ್ತೆ, ಇದಕ್ಕೆ ಅರ್ಧದಿಂದ ಒಂದು ಗಂಟೆ ಬೇಕು. ಅಂದ್ರೆ ಒಂದೇ ಸಲ ಕೂತು ಸಿಹಿ ತಿಂದು ಮುಗಿಸಿದವರ ಹಲ್ಲಿಗಿಂತ, ಅದೇ ಸಿಹೀನ ಬೆಳಿಗ್ಗೆಯಿಂದ ಸಂಜೆವರೆಗೂ ಚೂರು ಚೂರು ಬಾಯಿಗೆ ಹಾಕ್ಕೊಳ್ಳೋರ ಹಲ್ಲಿಗೆ ಪೆಟ್ಟು ಜಾಸ್ತಿ, ಯಾಕಂದ್ರೆ ರಿಪೇರಿಗೆ ಟೈಮೇ ಸಿಗಲ್ಲ. ಎಷ್ಟು ತಿಂದ್ರಿ ಅನ್ನೋದಕ್ಕಿಂತ ಎಷ್ಟು ಸಲ ತಿಂದ್ರಿ ಅನ್ನೋದೇ ಮುಖ್ಯ. ಜೊಲ್ಲು ಕಮ್ಮಿ ಮಾಡೋ ಮಾತ್ರೆಗಳನ್ನ ವರ್ಷಗಟ್ಟಲೆ ತಗೊಳ್ಳೋರಿಗೆ, ವಯಸ್ಸಾದವರಿಗೆ, ಇದ್ದಕ್ಕಿದ್ದಂಗೆ ನಾಲ್ಕೈದು ಹಲ್ಲು ಒಟ್ಟಿಗೆ ಹುಳುಕಾಗೋದೂ ಇದೇ ಕಾರಣಕ್ಕೆ.

ಶುರುವಿನಲ್ಲಿ ತೂತು ಇರಲ್ಲ, ಸೀಮೆಸುಣ್ಣದ ಹಾಗೆ ಮಂಕಾದ ಬಿಳಿ ಮಚ್ಚೆ ಇರುತ್ತೆ ಅಷ್ಟೇ. ಆ ಹಂತದಲ್ಲಿ ಫ್ಲೋರೈಡ್ ಪೇಸ್ಟು, ಕ್ಲಿನಿಕ್ಕಲ್ಲಿ ಹಚ್ಚೋ ಫ್ಲೋರೈಡ್ ವಾರ್ನಿಶ್ಶು, ತಿನ್ನೋ ಸಲ ಕಮ್ಮಿ ಮಾಡೋದು, ಇಷ್ಟರಲ್ಲೇ ನಿಲ್ಲಿಸಬಹುದು, ಎಷ್ಟೋ ಸಲ ವಾಪಸ್ ಗಟ್ಟಿನೂ ಮಾಡಬಹುದು. ಕೊರೆಯೋದು ಬೇಡ, ಇಂಜೆಕ್ಷನ್ ಬೇಡ, ಖರ್ಚು ಹೆಸರಿಗೆ ಮಾತ್ರ. ಆದ್ರೆ ಈ ಹಂತದಲ್ಲಿ ಯಾರೂ ಬರಲ್ಲ, ನೋವಿಲ್ವಲ್ಲ!

ಎನಾಮಲ್ ತೂತಾಗಿ ಡೆಂಟಿನ್‌ಗೆ ಇಳಿದ್ರೆ ಫಿಲ್ಲಿಂಗ್. ಡೆಂಟಿನ್ ಮೆತ್ತಗಿರೋದ್ರಿಂದ ಒಳಗಡೆ ಹುಳುಕು ಬೇಗ ಹರಡುತ್ತೆ, ಮೇಲೆ ಕಾಣೋದು ಸೂಜಿಮೊನೆಯಷ್ಟು ಕಪ್ಪು ಚುಕ್ಕೆ, ತೆಗೆದು ನೋಡಿದ್ರೆ ಒಳಗೆ ಗುಹೆ. "ಇಷ್ಟೇ ಇಷ್ಟು ಇತ್ತು, ಕೊರ್ದು ದೊಡ್ಡದು ಮಾಡ್ಬಿಟ್ರು" ಅಂತ ಎಷ್ಟೋ ಜನ ಹೇಳೋದು ಇದನ್ನೇ ನೋಡಿ. ಎರಡು ಹಲ್ಲಿನ ಸಂದಿಯಲ್ಲಿ ಶುರುವಾದ ಹುಳುಕಂತೂ ಕನ್ನಡಿಯಲ್ಲೂ ಕಾಣಲ್ಲ, ನಮ್ಮ ಕಣ್ಣಿಗೂ ಕಾಣಲ್ಲ, ಎಕ್ಸ್‌ರೇಯಲ್ಲೇ ಕಾಣ್ಬೇಕು. ಎಕ್ಸ್‌ರೇ ಅಂದ ತಕ್ಷಣ ರೇಡಿಯೇಶನ್ ಭಯ ಬೇಡ, ಬಾಯೊಳಗೆ ಇಟ್ಟು ತೆಗೆಯೋ ಸಣ್ಣ ಡಿಜಿಟಲ್ ಎಕ್ಸ್‌ರೇಗೆ ಸುಮಾರು 5 ಮೈಕ್ರೋಸೀವರ್ಟ್ (ರೇಡಿಯೇಶನ್ ಅಳೆಯೋ ಮಾಪನ), ಸುಮ್ನೆ ಭೂಮಿ ಮೇಲೆ ಬದುಕಿರೋದಕ್ಕೇ ಮಣ್ಣು ಗಾಳಿ ಆಕಾಶದಿಂದ ನಮಗೆ ಒಂದು ದಿನಕ್ಕೆ ಹೆಚ್ಚುಕಮ್ಮಿ ಅಷ್ಟೇ ಸಿಗ್ತಾ ಇರುತ್ತೆ.

ಫಿಲ್ಲಿಂಗಲ್ಲಿ ರೇಟು ಬೇರೆ ಬೇರೆ ಯಾಕೆ ಅಂತ ಕೇಳ್ತಾರೆ. ಮೆಟೀರಿಯಲ್ ಬೇರೆ, ಅದಕ್ಕಿಂತ ಜಾಸ್ತಿ ಹಿಡಿಯೋ ಟೈಮ್ ಬೇರೆ. ಹಲ್ಲಿನ ಬಣ್ಣದ ಕಾಂಪೋಸಿಟ್ ಅನ್ನೋದನ್ನ ಒಂದೇ ಸಲ ತುರುಕೋಕಾಗಲ್ಲ, ಹಲ್ಲು ಒಣಗಿಸಿ, ಜೊಲ್ಲು ಒಂದು ಹನೀನೂ ತಾಗದ ಹಾಗೆ ತಡೆದು, ಅಂಟು ಹಚ್ಚಿ, ಸುಮಾರು 2 ಮಿಲಿಮೀಟರ್ ಪದರ ಇಟ್ಟು ನೀಲಿ ಲೈಟ್ ಬಿಟ್ಟು ಗಟ್ಟಿ ಮಾಡಿ, ಮತ್ತೊಂದು ಪದರ, ಹೀಗೆ ಹೋಗ್ಬೇಕು. ಗ್ಲಾಸ್ ಅಯಾನೊಮರ್ ಅಂತ ಇನ್ನೊಂದಿದೆ, ಸಲೀಸು, ಬೆಲೆನೂ ಕಮ್ಮಿ, ತಾನೇ ಸ್ವಲ್ಪ ಸ್ವಲ್ಪ ಫ್ಲೋರೈಡ್ ಬಿಡುತ್ತೆ, ಆದ್ರೆ ದವಡೆ ಹಲ್ಲಿನ ಅಗಿಯೋ ಜಾಗದಲ್ಲಿ ಬೇಗ ಸವೆಯುತ್ತೆ. ಹಳೇ ಕಾಲದ ಬೆಳ್ಳಿ ಬಣ್ಣದ ಅಮಾಲ್ಗಮ್ ಗಟ್ಟಿ, ಅಗ್ಗ, ವರ್ಷಾನುಗಟ್ಟಲೆ ಬರುತ್ತೆ, ಆದ್ರೆ ಅದರಲ್ಲಿ ಹತ್ತಿರ ಹತ್ತಿರ ಅರ್ಧ ಪಾದರಸ ಇರೋದ್ರಿಂದ ಪರಿಸರದ ಕಾರಣಕ್ಕೆ ಜಗತ್ತಿನಾದ್ಯಂತ ಕೈಬಿಡ್ತಾ ಇದಾರೆ, ಯುರೋಪಿಯನ್ ಯೂನಿಯನ್ 2025ರ ಜನವರಿಯಿಂದ ಕೆಲವು ವಿನಾಯಿತಿ ಬಿಟ್ಟು ನಿಲ್ಲಿಸಿದೆ. ನಿಮ್ಮ ಬಾಯಲ್ಲಿ ಹಳೇದು ಗಟ್ಟಿಯಾಗಿ ಕೂತಿದ್ರೆ ಸುಮ್ಸುಮ್ನೆ ಕೀಳಿಸೋಕೆ ಹೋಗ್ಬೇಡಿ, ಪಾದರಸದ ಹಬೆ ಜಾಸ್ತಿ ಬರೋದೇ ಅದನ್ನ ಕೊರೆಯುವಾಗ.

ಇನ್ನು ಎಲ್ಲರಿಗೂ ತಲೆನೋವಾಗಿರೋ ಪಲ್ಪ್ ವಿಷಯ. ಹುಳುಕು ಪಲ್ಪಿನ ಹತ್ತಿರ ಬಂದಾಗ ಅದು ಊದಿಕೊಳ್ಳುತ್ತೆ, ಬೇರೆ ಕಡೆ ಊತ ಬಂದ್ರೆ ಚರ್ಮ ಹಿಗ್ಗುತ್ತೆ, ಇಲ್ಲಿ ಸುತ್ತಾ ಗಟ್ಟಿ ಗೋಡೆ, ಎಲ್ಲಿಗೆ ಹಿಗ್ಗೋದು ಪಾಪ, ಒತ್ತಡ ಏರುತ್ತೆ. ಅದಕ್ಕೇ ಹಲ್ಲುನೋವು ಆ ಪಾಟಿ ಕೆಟ್ಟದಾಗಿರೋದು, ಮಲಗಿದಾಗ ತಲೆ ಕಡೆ ರಕ್ತ ಜಾಸ್ತಿ ಹರಿದು ಇನ್ನೂ ಹೆಚ್ಚಾಗೋದು. ನಾವು ಕೇಳೋ ಪ್ರಶ್ನೆಗಳ ಹಿಂದೆ ಇದೇ ಇದೆ: ತಣ್ಣೀರು ತಾಗಿದಾಗ ಚುಳ್ ಅಂದು ಒಂದೆರಡು ಸೆಕೆಂಡಲ್ಲಿ ಹೋಗುತ್ತಾ, ಅಥವಾ ನೀರು ನುಂಗಿದ ಮೇಲೂ ನಿಮಿಷಗಟ್ಟಲೆ ಜಗ್ಗುತ್ತಾ? ತಾನಾಗೇ ಬರುತ್ತಾ? ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಾ? ತಕ್ಷಣ ಹೋಗೋ ನೋವಾದ್ರೆ ಪಲ್ಪ್ ಇನ್ನೂ ಚೇತರಿಸ್ಕೊಳ್ಳೋ ಸ್ಥಿತೀಲಿದೆ, ಒಳ್ಳೆ ಫಿಲ್ಲಿಂಗ್ ಮಾಡಿದ್ರೆ ಉಳಿಯುತ್ತೆ. ಜಗ್ಗೋ ನೋವು, ಎಬ್ಬಿಸೋ ನೋವು ಆದ್ರೆ ಸಾಮಾನ್ಯವಾಗಿ ಅದು ಕೈ ಮೀರಿದೆ ಅಂತ ಅರ್ಥ. ಹಾಗಾಗಿ ಡಾಕ್ಟ್ರ ಹತ್ರ "ತುಂಬಾ ನೋವು" ಅನ್ನೋದಕ್ಕಿಂತ "ತಣ್ಣಗಿನದು ತಾಗಿದ್ರೆ ಎಷ್ಟು ಹೊತ್ತು ಇರುತ್ತೆ" ಅಂತ ಹೇಳಿದ್ರೆ ಉಪಯೋಗ ಜಾಸ್ತಿ.

ಆಮೇಲೆ ಒಂದು ದಿನ ನೋವು ದಿಢೀರ್ ಅಂತ ನಿಲ್ಲುತ್ತೆ. ಜನ ನಿಟ್ಟುಸಿರು ಬಿಡ್ತಾರೆ. ಆದ್ರೆ ಆಗಿರೋದು ಏನಪ್ಪಾ ಅಂದ್ರೆ ಒಳಗಿನ ನರ ಸತ್ತೋಗಿದೆ, ನೋವು ಹೇಳೋರೇ ಇಲ್ಲ. ಇನ್‌ಫೆಕ್ಷನ್ ಮಾತ್ರ ಆರಾಮಾಗಿ ಕಾಲುವೆಯಲ್ಲಿ ಇಳಿದು ಬೇರಿನ ತುದಿಯಿಂದ ಆಚೆ ಹೋಗಿ ಮೂಳೆ ಕರಗಿಸ್ತಾ ಕೀವು ತುಂಬಿಸ್ತಾ ಇರುತ್ತೆ, ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ಮೋಡ ಥರ ಕಾಣೋದು ಅದೇ. ಕೆಲವರಿಗೆ ವಸಡಿನ ಮೇಲೆ ಮೊಡವೆ ಥರ ಒಂದು ಗುಳ್ಳೆ ಬಂದು ಒಡೆದು ಕೀವು ಹೋಗ್ತಾ ಇರುತ್ತೆ, ಅವರಿಗಂತೂ ನೋವೇ ಇರಲ್ಲ. ಅಂಥವರೇ ಬಂದು "ಸುಮ್ನೆ ತೋರಿಸೋಣ ಅಂತ ಬಂದೆ" ಅನ್ನೋದು.

"ಆಂಟಿಬಯಾಟಿಕ್ ಕೊಟ್ಬಿಡಿ ಸಾಕು" ಅಂತ ಕೇಳೋರಿಗೆ ಒಂದು ಮಾತು. ಮಾತ್ರೆ ಔಷಧ ಹೋಗೋದು ರಕ್ತದ ಮೂಲಕ, ಸತ್ತ ಪಲ್ಪಿನೊಳಗೆ ರಕ್ತವೇ ಹರಿಯಲ್ಲ. ಹೊರಗಿನ ಊತ ಇಳಿಯಬಹುದು, ಮೂಲ ಹಾಗೇ ಇರುತ್ತೆ, ತಿಂಗಳು ಬಿಟ್ಟು ಮತ್ತೆ ಬರುತ್ತೆ. ಊತ, ಜ್ವರ ಇದ್ದಾಗ ಆಂಟಿಬಯಾಟಿಕ್ ಬೇಕಾಗಬಹುದು, ಆದ್ರೆ ಬರೀ ಹಲ್ಲುನೋವಿಗೆ ಅದು ನೋವಿನ ಮಾತ್ರೆ ಅಲ್ಲ. ಮೆಡಿಕಲ್ ಶಾಪಿಂದ ತಾವೇ ಮೂರು ಕೋರ್ಸ್ ಮುಗಿಸಿ ಬಂದೋರನ್ನ ನೋಡಿದೀನಿ, ಅಷ್ಟರಲ್ಲಿ ಹಲ್ಲು ಉಳಿಸೋ ಹಾಗೂ ಇರಲ್ಲ.

ರೂಟ್ ಕೆನಾಲ್ ಅಂದ್ರೆ ಬೇರು ಕೀಳೋದು ಅಂತ ತುಂಬಾ ಜನ ಅಂದ್ಕೊಂಡಿದಾರೆ. ಬೇರು ಅಲ್ಲೇ ಇರುತ್ತೆ. ಒಳಗಿನ ಕಾಲುವೆಯಲ್ಲಿ ಕೊಳೆತಿರೋದನ್ನ ಕೂದಲೆಳೆಯಂಥ ಫೈಲುಗಳಿಂದ ಕೆರೆದು, ಸೋಡಿಯಂ ಹೈಪೋಕ್ಲೋರೈಟ್ ಅನ್ನೋ ಕ್ರಿಮಿ ಕೊಲ್ಲೋ ದ್ರಾವಣದಲ್ಲಿ ತೊಳೆದು ತೊಳೆದು, ಖಾಲಿಯಾದ ಜಾಗಕ್ಕೆ ಗಟ್ಟಾ ಪರ್ಚಾ ಅನ್ನೋ ಒಂದು ಮರದ ಹಾಲಿನಿಂದ ಮಾಡಿದ ರಬ್ಬರಿನಂಥ ವಸ್ತು ತುಂಬಿ ಮುಚ್ಚೋದು. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ಕಾಲುವೆ, ಕೆಳಗಿನ ದೊಡ್ಡ ದವಡೆ ಹಲ್ಲಿಗೆ ಮೂರು, ಮೇಲಿನ ಮೊದಲ ದವಡೆ ಹಲ್ಲಿಗೆ ಎಷ್ಟೋ ಸಲ ನಾಲ್ಕು, ಆ ನಾಲ್ಕನೇದು ಎಷ್ಟು ಸಣ್ಣ ಅಂದ್ರೆ ಹುಡುಕೋದ್ರಲ್ಲೇ ಬೆವರು ಬರುತ್ತೆ. ಅದೊಂದು ಉಳಿದುಹೋದ್ರೆ ಟ್ರೀಟ್‌ಮೆಂಟ್ ಫೇಲ್ ಆಗೋಕೆ ಅಷ್ಟೇ ಸಾಕು. ಅದಕ್ಕೇ ಮುಂದಿನ ಹಲ್ಲಿಗೊಂದು ರೇಟು, ಹಿಂದಿನದಕ್ಕೊಂದು ರೇಟು, ಮೊದಲೇ ಯಾರೋ ಮಾಡಿ ಕೆಟ್ಟಿರೋದನ್ನ ಬಿಚ್ಚಿ ಮತ್ತೆ ಮಾಡೋದಕ್ಕೆ ಇನ್ನೂ ಜಾಸ್ತಿ ರೇಟು, ಹಳೇದು ಕರಗಿಸಿ ತೆಗೆಯೋದೇ ಒಂದು ಕೆಲಸ.

ನೋಯುತ್ತಾ? ಮರಗಟ್ಟಿಸಿದ ಮೇಲೆ ಬಹುಪಾಲು ನೋಯಲ್ಲ, ಬಾಯಿ ತೆರ್ಕೊಂಡು ತೆರ್ಕೊಂಡು ದವಡೆ ಬೇಜಾರಾಗುತ್ತೆ ಅಷ್ಟೇ. ಆದ್ರೆ ಒಂದು ನಿಜ ಹೇಳ್ಬೇಕು, ಜೋರು ನೋವಿದ್ದಾಗ ಬಂದ್ರೆ ಇಂಜೆಕ್ಷನ್ ಸರಿಯಾಗಿ ಹಿಡಿಯಲ್ಲ, ಅದರಲ್ಲೂ ಕೆಳಗಿನ ದವಡೆ ಹಲ್ಲಿಗೆ. ಇನ್‌ಫೆಕ್ಷನ್ ಇರೋ ಜಾಗ ಆಸಿಡ್ ಆಗಿರುತ್ತೆ, ಅಲ್ಲಿ ಮರಗಟ್ಟಿಸೋ ಔಷಧ ನರದೊಳಗೆ ಇಳಿಯೋದು ಕಷ್ಟ. ಅಂದ್ರೆ ಹಲ್ಲು ಕಚ್ಕೊಂಡು ತಡೆದು ತಡೆದು ಕೊನೆಗೆ ಬಂದವರಿಗೇ ನೋವು ಜಾಸ್ತಿ, ಅವರೇ ಹೊರಗೆ ಹೋಗಿ "ರೂಟ್ ಕೆನಾಲ್ ಅಂದ್ರೆ ನರಕ" ಅಂತ ನಾಲ್ಕು ಜನಕ್ಕೆ ಹೇಳೋದು, ಆ ನಾಲ್ಕು ಜನಾನೂ ಹೆದರ್ಕೊಂಡು ತಡ ಮಾಡೋದು. ಇಂಜೆಕ್ಷನ್ ಕೊಟ್ಟಾಗ ಎದೆ ಡವಡವ ಅಂದ್ರೆ ಗಾಬರಿ ಬೇಡ, ಔಷಧದ ಜೊತೆ ಸ್ವಲ್ಪ ಅಡ್ರಿನಾಲಿನ್ ಸೇರಿಸಿರ್ತಾರೆ, ಒಂದೆರಡು ನಿಮಿಷದಲ್ಲಿ ಇಳಿಯುತ್ತೆ. ಹಾರ್ಟ್ ತೊಂದರೆ ಇರೋರು ಮೊದಲೇ ಹೇಳ್ಬಿಡಿ.

ಕ್ಯಾಪ್ ಯಾಕೆ ಅನ್ನೋದು ಮುಂದಿನ ಜಗಳ. ಹುಳುಕಲ್ಲಿ ಅರ್ಧ ಹೋಗಿರುತ್ತೆ, ಒಳಗೆ ದಾರಿ ಮಾಡೋಕೆ ಇನ್ನಷ್ಟು ಹೋಗಿರುತ್ತೆ, ಉಳಿದಿರೋದು ತೆಳ್ಳನೆ ಗೋಡೆ, ಅದರ ಮೇಲೆ ಅಗಿಯೋ ಭಾರ ಬಿದ್ರೆ ಸೀಳುತ್ತೆ, ಬೇರಿನವರೆಗೆ ಸೀಳಿದ್ರೆ ಕೀಳೋದೊಂದೇ ದಾರಿ. ಹಿಂದಿನ ಹಲ್ಲಿಗೆ ಕ್ಯಾಪ್ ಹಾಕಿಸ್ದೆ ರೂಟ್ ಕೆನಾಲ್ ಮಾತ್ರ ಮಾಡಿಸ್ಕೊಂಡು ಹೋಗೋದು ಗೋಡೆ ಕಟ್ಟಿ ಸೂರು ಹಾಕ್ದೆ ಬಿಟ್ಟ ಹಾಗೆ. ಮುಂದಿನ ಹಲ್ಲಿಗೆ ಜಾಸ್ತಿ ಹಾಳಾಗದೇ ಇದ್ರೆ ಕ್ಯಾಪ್ ಇಲ್ದೇನೂ ನಡೆಯುತ್ತೆ, ಅದನ್ನ ಕೇಳೋದ್ರಲ್ಲಿ ತಪ್ಪಿಲ್ಲ. ಕ್ಯಾಪಲ್ಲಿ ಬರೀ ಲೋಹದ್ದು, ಲೋಹದ ಮೇಲೆ ಪಿಂಗಾಣಿ ಹಚ್ಚಿದ್ದು, ಪೂರ್ತಿ ಜಿರ್ಕೋನಿಯಾ (ಹಲ್ಲಿನ ಬಣ್ಣದ ಗಟ್ಟಿ ಸೆರಾಮಿಕ್), ಹೀಗೆ ಬರುತ್ತೆ, ಬೆಲೆನೂ ಸಾಮಾನ್ಯವಾಗಿ ಅದೇ ಕ್ರಮದಲ್ಲಿ ಏರುತ್ತೆ. ಯಾರಿಗೂ ಕಾಣದ ಕೊನೇ ದವಡೆ ಹಲ್ಲಿಗೆ ದುಬಾರಿದೇ ಆಗ್ಬೇಕು ಅಂತೇನಿಲ್ಲ, ಲೋಹದ ಕ್ಯಾಪ್ ನೋಡೋಕೆ ಚೆನ್ನಾಗಿಲ್ಲ ನಿಜ, ಆದ್ರೆ ಅದಕ್ಕೆ ಹಲ್ಲು ಉಜ್ಜಿ ಕಮ್ಮಿ ಮಾಡೋದು ಕಡಿಮೆ, ಒಡೆಯೋದೂ ಇಲ್ಲ. ಇನ್ನೊಂದು, ಬ್ಲೀಚಿಂಗ್ ಮಾಡಿಸೋ ಆಸೆ ಇದ್ರೆ ಕ್ಯಾಪಿಗಿಂತ ಮೊದಲೇ ಮಾಡಿಸಿ, ಯಾಕಂದ್ರೆ ಕ್ಯಾಪು, ಫಿಲ್ಲಿಂಗು ಬ್ಲೀಚಿಗೆ ಬೆಳ್ಳಗಾಗಲ್ಲ, ಆಮೇಲೆ ಪಕ್ಕದ ಹಲ್ಲೆಲ್ಲ ಬಿಳಿ, ಅದೊಂದೇ ಹಳದಿ.

ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರು ಅಂತಾರಲ್ಲ, ಹಲ್ಲಿನ ಖರ್ಚಿನ ಇಡೀ ಕಥೆ ಅದೇ. ವಾರ್ನಿಶ್, ಫಿಲ್ಲಿಂಗ್, ರೂಟ್ ಕೆನಾಲ್ ಪ್ಲಸ್ ಕ್ಯಾಪ್, ಕಿತ್ತು ಇಂಪ್ಲಾಂಟ್ (ಮೂಳೆಗೆ ಸ್ಕ್ರೂ ಹಾಕಿ ಕೂರಿಸೋ ಹಲ್ಲು), ಒಂದೊಂದು ಪದರ ಇಳಿದ ಹಾಗೂ ಬಿಲ್ಲು ಒಂದೊಂದು ಮೆಟ್ಟಿಲು ಹತ್ತುತ್ತೆ, ಮತ್ತೆ ಮೆಟ್ಟಿಲುಗಳು ಸಮ ಇಲ್ಲ, ಮೇಲೆ ಹೋದ ಹಾಗೆ ಎತ್ತರ ಜಾಸ್ತಿ.

"ಕಿತ್ತುಬಿಡಿ ಡಾಕ್ಟ್ರೇ, ಅಗ್ಗ" ಅಂತ ಬಹಳ ಜನ ಅಂತಾರೆ. ಆವತ್ತಿನ ಮಟ್ಟಿಗೆ ಅಗ್ಗಾನೇ. ಬುದ್ಧಿಹಲ್ಲು ಆದ್ರೆ, ಅಂದ್ರೆ 17ರಿಂದ 25ರ ವಯಸ್ಸಲ್ಲಿ ಹಿಂದೆ ಬರೋ ಕೊನೇ ಹಲ್ಲು, ಅದು ಓರೆಯಾಗಿ ಸಿಕ್ಕಾಕ್ಕೊಂಡು ತೊಂದರೆ ಕೊಡ್ತಾ ಇದ್ರೆ ಕಿತ್ತು ಸುಮ್ಮನಿರಬಹುದು. ಕಿತ್ತ ಮೇಲೆ ಅಲ್ಲಿ ಕಟ್ಟೋ ರಕ್ತದ ಗಡ್ಡೆ ಉದುರಿಹೋಗದ ಹಾಗೆ ನೋಡ್ಕೊಳ್ಳಿ, ಸಿಗರೇಟ್ ಬೇಡ, ಸ್ಟ್ರಾ ಹಾಕಿ ಹೀರೋದು ಬೇಡ, ಜೋರಾಗಿ ಉಗಿಯೋದು ಬೇಡ, ಎರಡ್ಮೂರು ದಿನ ಬಿಟ್ಟು ನೋವು ಕಮ್ಮಿ ಆಗೋ ಬದಲು ಏರಿದ್ರೆ ಗಡ್ಡೆ ಹೋಗಿ ಮೂಳೆ ಬತ್ತಲಾಗಿದೆ ಅಂತ ಅರ್ಥ, ವಾಪಸ್ ಹೋಗಿ. ಆದ್ರೆ ಅಗಿಯೋ ಹಲ್ಲು ಕಿತ್ರೆ ಪಕ್ಕದವು ಖಾಲಿ ಜಾಗಕ್ಕೆ ವಾಲುತ್ವೆ, ಎದುರಿನದು ಆ ಖಾಲಿ ಜಾಗದ ಕಡೆ ಸರಿಯುತ್ತೆ, ಮೂಳೆ ಮೊದಲ ವರ್ಷದಲ್ಲೇ ಸಾಕಷ್ಟು ಕುಗ್ಗುತ್ತೆ. ಐದಾರು ವರ್ಷ ಬಿಟ್ಟು ಇಂಪ್ಲಾಂಟ್ ಹಾಕಿಸೋಣ ಅಂತ ಬಂದ್ರೆ ಮೂಳೆ ಸಾಲಲ್ಲ, ಮೂಳೆ ಕಸಿ ಮಾಡ್ಬೇಕು, ಅದಕ್ಕೊಂದು ಬಿಲ್ಲು.

ಹೋದ ಹಲ್ಲಿನ ಜಾಗ ತುಂಬೋಕೆ ಮೂರು ದಾರಿ. ತೆಗೆದು ಹಾಕೋ ಸೆಟ್ಟು ಎಲ್ಲಕ್ಕಿಂತ ಅಗ್ಗ, ಅಭ್ಯಾಸ ಆಗೋಕೆ ಟೈಮ್ ಬೇಕು. ಬ್ರಿಡ್ಜ್ ಅಂದ್ರೆ ಅಕ್ಕಪಕ್ಕದ ಎರಡು ಹಲ್ಲು ಉಜ್ಜಿ ಸಣ್ಣ ಮಾಡಿ ಮೂರು ಕ್ಯಾಪಿನ ಸೇತುವೆ ಕೂರಿಸೋದು, ಬೇಗ ಮುಗಿಯುತ್ತೆ, ಆದ್ರೆ ಪಕ್ಕದ ಹಲ್ಲು ಎರಡೂ ಚೆನ್ನಾಗಿದ್ರೆ ಅವನ್ನ ಬಲಿ ಕೊಟ್ಟ ಹಾಗೆ, ನಂಗಂತೂ ಕೈ ಬರಲ್ಲ. ಇಂಪ್ಲಾಂಟ್ ಅಂದ್ರೆ ಮೂಳೆಗೆ ಟೈಟಾನಿಯಂ ಸ್ಕ್ರೂ. ಸ್ವೀಡನ್ನಿನ ಬ್ರಾನೆಮಾರ್ಕ್ ಅನ್ನೋರು 1950ರ ದಶಕದಲ್ಲಿ ಮೊಲದ ಮೂಳೆಯೊಳಗೆ ರಕ್ತ ಹರಿಯೋದು ನೋಡೋಕೆ ಟೈಟಾನಿಯಂ ಉಪಕರಣ ಇಟ್ಟಿದ್ರು, ಆಮೇಲೆ ಕೀಳೋಕೆ ಹೋದ್ರೆ ಬರ್ಲೇ ಇಲ್ಲ, ಮೂಳೆ ಅದನ್ನ ತನ್ನದೇ ಅನ್ನೋ ಹಾಗೆ ಹಿಡ್ಕೊಂಡಿತ್ತು. 1965ರಲ್ಲಿ ಮೊದಲ ರೋಗಿಗೆ ಹಾಕಿದ್ರು. ಆ ಹಿಡಿತ ಕೂರೋಕೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು, ಹಾಗಾಗಿ ಇದು ಒಂದೇ ದಿನದ ಕೆಲಸ ಅಲ್ಲ, ಬಿಲ್ಲೂ ಸ್ಕ್ರೂ, ಮೇಲಿನ ಜೋಡಣೆ, ಕ್ಯಾಪ್ ಅಂತ ಮೂರು ಭಾಗ. ಜಾಹೀರಾತಲ್ಲಿ ಕಾಣೋ ಕಮ್ಮಿ ರೇಟು ಎಷ್ಟೋ ಸಲ ಬರೀ ಸ್ಕ್ರೂದು. ಕೇಳಿ ತಿಳ್ಕೊಳಿ.

ವಸಡಿನ ಕಾಯಿಲೆ ಇದೆಲ್ಲದಕ್ಕಿಂತ ಮೆತ್ತಗೆ ಬರೋ ಕಳ್ಳ. ಹಲ್ಲಿನ ಮೇಲೆ ಕೂರೋ ಅಂಟು ಪದರ ಉಜ್ಜದೇ ಬಿಟ್ರೆ ಜೊಲ್ಲಿನ ಖನಿಜ ಸೇರಿ ಗಾರೆ ಥರ ಗಟ್ಟಿ ಕಿಟ್ಟ ಆಗುತ್ತೆ, ಆಮೇಲೆ ಬ್ರಷ್ಷಿಗೆ ಬರಲ್ಲ. ಉಜ್ಜುವಾಗ ರಕ್ತ ಬರೋ ಹಂತದಲ್ಲಿ ಪೂರ್ತಿ ವಾಸಿ ಮಾಡಬಹುದು, ರಕ್ತ ಬರುತ್ತೆ ಅಂತ ಆ ಜಾಗ ಉಜ್ಜೋದು ಬಿಡ್ತಾರೆ ನೋಡಿ, ಅದು ಉಲ್ಟಾ. ಮೂಳೆವರೆಗೆ ಹೋದ್ರೆ ಹೋದ ಮೂಳೆ ತಾನಾಗಿ ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋಬೇಕು ಅಷ್ಟೇ. ನಾವು ಸಣ್ಣ ಅಳತೆ ಕಡ್ಡಿ ಹಾಕಿ ಎರಡು, ಮೂರು, ಐದು ಅಂತ ನಂಬರ್ ಹೇಳ್ತಾ ಹೋಗ್ತೀವಲ್ಲ, ಅದು ವಸಡು ಮತ್ತೆ ಹಲ್ಲಿನ ಮಧ್ಯದ ಸಂದಿ ಎಷ್ಟು ಮಿಲಿಮೀಟರ್ ಆಳ ಅಂತ, 3ರವರೆಗೆ ಸರಿ, 4 ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಗಮನ ಕೊಡ್ಬೇಕು. ಇಲ್ಲೂ ಆಳವೇ.

ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಅಲ್ಲಾಡುತ್ತೆ, ಸಂದಿ ಬೀಳುತ್ತೆ ಅನ್ನೋದು ನಾನು ದಿನಾ ಕೇಳೋ ಮಾತು. ಆಗೋದು ಇಷ್ಟು: ಮೂಳೆ ಕರಗಿ ಹಲ್ಲು ಆಗಲೇ ಸಡಿಲ ಆಗಿರುತ್ತೆ, ಕಿಟ್ಟವೇ ಸಿಮೆಂಟ್ ಥರ ಹಿಡ್ಕೊಂಡಿರುತ್ತೆ, ಅದನ್ನ ತೆಗೆದ ತಕ್ಷಣ ನಿಜ ಸ್ಥಿತಿ ಗೊತ್ತಾಗುತ್ತೆ. ಸಂದಿನೂ ಅಷ್ಟೇ, ಮೊದಲೇ ಇತ್ತು, ಕಿಟ್ಟ ತುಂಬಿತ್ತು. ಒಂದೆರಡು ವಾರ ತಣ್ಣಗಿನದು ಜುಮ್ ಅನ್ನಬಹುದು, ಹೋಗುತ್ತೆ. ಸಿಗರೇಟ್ ಸೇದೋರಿಗೆ ವಸಡಲ್ಲಿ ರಕ್ತ ಬರೋದೇ ಕಮ್ಮಿ, ಹಾಗಾಗಿ ಕಾಯಿಲೆ ಮುಚ್ಚಿಟ್ಕೊಂಡು ಬೆಳೆಯುತ್ತೆ. ಶುಗರ್ ಇರೋರಿಗೆ ಎರಡೂ ಕಡೆಯಿಂದ ಪೆಟ್ಟು, ಶುಗರ್ ಏರಿದ್ರೆ ವಸಡು ಕೆಡುತ್ತೆ, ವಸಡಲ್ಲಿ ಇನ್‌ಫೆಕ್ಷನ್ ಇದ್ರೆ ಶುಗರ್ ಹತೋಟಿಗೆ ಬರಲ್ಲ.

ಮಕ್ಕಳ ವಿಷಯದಲ್ಲಿ ಒಂದೇ ಒಂದು ಹೇಳಿ ಮುಂದೆ ಹೋಗ್ತೀನಿ. ಸುಮಾರು 6 ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಒಂದು ದೊಡ್ಡ ದವಡೆ ಹಲ್ಲು ಬರುತ್ತೆ. ಹಲ್ಲು ಬಿದ್ದಿಲ್ವಲ್ಲ, ಇದೂ ಹಾಲುಹಲ್ಲೇ ಇರ್ಬೇಕು ಅಂತ ಅಪ್ಪ ಅಮ್ಮ ಬಿಟ್ಬಿಡ್ತಾರೆ. ಅದು ಜೀವನಪೂರ್ತಿ ಇರ್ಬೇಕಾದ ಹಲ್ಲು, ಬಾಯಲ್ಲಿ ಮೊದಲು ಹುಳುಕಾಗೋ ಪರ್ಮನೆಂಟ್ ಹಲ್ಲೂ ಹೆಚ್ಚಾಗಿ ಅದೇ. ಬಂದ ಹೊಸದರಲ್ಲೇ ಅದರ ಗೀರುಗಳಿಗೆ ಸೀಲೆಂಟ್ ಅನ್ನೋ ಮುಚ್ಚೋ ಲೇಪ ಹಚ್ಚಿಸಿದ್ರೆ, ಕೊರೆಯೋದೇ ಇಲ್ಲದ ಕೆಲಸ, ದೊಡ್ಡ ಖರ್ಚೊಂದು ತಪ್ಪುತ್ತೆ. ಹಾಲುಹಲ್ಲು ಬೀಳೋದೇ ತಾನೇ ಅನ್ನೋರಿಗೆ, ಹಿಂದಿನ ಹಾಲುಹಲ್ಲು 10-12 ವರ್ಷದವರೆಗೂ ಇರ್ಬೇಕು, ಬೇಗ ಹೋದ್ರೆ ಕೆಳಗಿನದಕ್ಕೆ ಬರೋ ಜಾಗ ಇರಲ್ಲ.

ಈಗ ಬಿಲ್ಲಿಗೆ ಬರೋಣ. ಬಿಲ್ಲಲ್ಲಿ ಇರೋದು ಡಾಕ್ಟ್ರ ಟೈಮು, ಮೆಟೀರಿಯಲ್ಲು, ಹೊರಗಿನ ಲ್ಯಾಬಿನ ಖರ್ಚು (ಕ್ಯಾಪು, ಬ್ರಿಡ್ಜು, ಸೆಟ್ಟು ಎಲ್ಲ ಲ್ಯಾಬಲ್ಲಿ ಆಗೋದು), ಮೆಶೀನುಗಳು, ಮತ್ತೆ ಯಾರಿಗೂ ಕಾಣದ ಒಂದು ಐಟಂ, ಪ್ರತಿ ರೋಗಿಗೂ ಉಪಕರಣ ಆಟೋಕ್ಲೇವಲ್ಲಿ (ಬಿಸಿ ಹಬೆಯ ಯಂತ್ರ) ಶುದ್ಧ ಮಾಡೋ ಖರ್ಚು. ಅನುಮಾನ ಬರೋ ಹಾಗೆ ರೇಟ್ ಕಮ್ಮಿ ಇದ್ರೆ ಇದರಲ್ಲಿ ಯಾವುದನ್ನ ಬಿಟ್ಟಿದಾರೆ ಅಂತ ಯೋಚನೆ ಮಾಡ್ಬೇಕು. ಹಾಗಂತ ದುಬಾರಿ ಅಂದ್ರೆ ಒಳ್ಳೇದು ಅಂತಾನೂ ಅಲ್ಲ, ಸೋಫಾ, ಕಾಫಿ ಮೆಶೀನಿಗೂ ದುಡ್ಡು ಅಲ್ಲೇ ಸೇರಿರುತ್ತೆ. ಡೆಂಟಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಮ್ಮಿ, ಕಲೀತಿರೋರು ಮೇಷ್ಟ್ರ ಕಣ್ಣೆದುರು ಮಾಡ್ತಾರೆ, ಟೈಮ್ ಮಾತ್ರ ಜಾಸ್ತಿ ಹಿಡಿಯುತ್ತೆ. ಇನ್ಶೂರೆನ್ಸ್ ಇದೆ ಅಂತ ನಂಬ್ಕೊಂಡು ಕೂರ್ಬೇಡಿ, ಹಲ್ಲಿನ ಕೆಲಸಕ್ಕೆ ಬೇರೆ ಶರತ್ತು, ಕಾಯೋ ಅವಧಿ, ವರ್ಷಕ್ಕಿಷ್ಟೇ ಅನ್ನೋ ಮಿತಿ ಇರೋದು ಸಾಮಾನ್ಯ, ಶುರು ಮಾಡೋಕೆ ಮುಂಚೆ ಕಾಗದ ಓದಿ.

ಚೀಟಿ ಬರೆಸ್ಕೊಳ್ಳಿ, ಬಾಯಿಮಾತು ಬೇಡ. ರೂಟ್ ಕೆನಾಲ್ ರೇಟಲ್ಲಿ ಕ್ಯಾಪ್ ಸೇರಿದೆಯಾ, ಒಳಗೆ ಪೋಸ್ಟ್ (ಕ್ಯಾಪಿಗೆ ಆಧಾರವಾಗಿ ಬೇರೊಳಗೆ ಕೂರಿಸೋ ಕಡ್ಡಿ) ಹಾಕ್ಬೇಕಾದ್ರೆ ಅದು ಬೇರೆನಾ, ಎಷ್ಟು ಸಲ ಬರ್ಬೇಕು, ವರ್ಷದೊಳಗೆ ಕ್ಯಾಪ್ ಬಿದ್ರೆ ಯಾರ ಖರ್ಚು, ಇವೆಲ್ಲ ಕೇಳೋಕೆ ನಾಚಿಕೆ ಪಡ್ಬೇಡಿ. ಇನ್ನೂ ಒಂದು ಪ್ರಶ್ನೆ ಇದೆ, ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇದು ಅದೇ: "ಇದನ್ನ ಆರು ತಿಂಗಳು ಏನೂ ಮಾಡ್ದೆ ಬಿಟ್ರೆ ಏನಾಗುತ್ತೆ?" ಬುದ್ಧಿವಂತ ಡಾಕ್ಟ್ರು ಎಕ್ಸ್‌ರೇ ತೋರಿಸಿ ಆಳ ಎಲ್ಲಿಗೆ ಬಂದಿದೆ ಅಂತ ಬೆರಳಿಟ್ಟು ಹೇಳ್ತಾರೆ. ಕೆಲವು ಕಪ್ಪು ಗೀರುಗಳಿಗೆ "ಏನೂ ಆಗಲ್ಲ, ನೋಡ್ತಾ ಇರೋಣ" ಅನ್ನೋದೇ ಸರಿ ಉತ್ತರ, ಕಪ್ಪಗಿದ್ದಿದ್ದೆಲ್ಲ ಹುಳುಕಲ್ಲ, ಕಲೆನೂ ಇರುತ್ತೆ. ಒಂದೇ ಭೇಟೀಲಿ ಎಂಟು ಫಿಲ್ಲಿಂಗು ಬರೆದುಕೊಟ್ರೆ, ನೋವೂ ಇಲ್ಲ, ಎಕ್ಸ್‌ರೇನೂ ತೋರಿಸ್ಲಿಲ್ಲ ಅಂದ್ರೆ, ಬೇರೆ ಕಡೆ ಕೇಳಿ, ಎಕ್ಸ್‌ರೇ ಕಾಪಿ ತಗೊಂಡು ಹೋಗಿ, ಎರಡನೇ ಸಲ ತೆಗೆಸೋ ಖರ್ಚು ಉಳಿಯುತ್ತೆ. ಎಂಟು ಹಲ್ಲು ನಿಜವಾಗ್ಲೂ ಹಾಳಾಗಿರೋರೂ ಇದಾರೆ, ಆದ್ರೆ ತೋರಿಸ್ಬೇಕಾದ್ದು ಡಾಕ್ಟ್ರ ಜವಾಬ್ದಾರಿ. ನಿಮ್ಮ ಕಡೆಯಿಂದಾನೂ ಒಂದು ಜವಾಬ್ದಾರಿ ಇದೆ, ರಕ್ತ ತೆಳು ಮಾಡೋ ಮಾತ್ರೆ, ಮೂಳೆ ಸವೆತಕ್ಕೆ ತಗೊಳ್ಳೋ ಮಾತ್ರೆ ಇಂಜೆಕ್ಷನ್, ಬಸಿರು, ಅಲರ್ಜಿ, ಇದನ್ನೆಲ್ಲ ಮೊದಲೇ ಹೇಳ್ಬೇಕು, "ಹಲ್ಲಿಗೂ ಅದಕ್ಕೂ ಏನು ಸಂಬಂಧ" ಅಂತ ಮುಚ್ಚಿಡ್ಬೇಡಿ, ಮಾತ್ರೇನ ನೀವಾಗೇ ನಿಲ್ಲಿಸಿನೂ ಬರ್ಬೇಡಿ.

ರಾತ್ರಿ ಹನ್ನೆರಡಕ್ಕೆ ನೋವು ಶುರು ಆದ್ರೆ ತಲೆ ಎತ್ತರ ಇಟ್ಟು ಮಲಗಿ, ನಿಮಗೆ ಒಗ್ಗೋ ನೋವಿನ ಮಾತ್ರೆ ನುಂಗಿ, ಹಲ್ಲಿನ ಪಕ್ಕ ಇಟ್ಕೋಬೇಡಿ, ಆಸ್ಪಿರಿನ್ ವಸಡಿಗೆ ಒತ್ತಿ ಸುಟ್ಕೊಂಡು ಬಂದೋರು ಬೇಕಾದಷ್ಟು ಜನ ಇದಾರೆ. ಲವಂಗದ ಎಣ್ಣೆ ತಾತ್ಕಾಲಿಕವಾಗಿ ಮರಗಟ್ಟಿಸುತ್ತೆ, ಅದರಲ್ಲಿರೋ ಯೂಜಿನಾಲ್‌ನ ನಾವೂ ತಾತ್ಕಾಲಿಕ ಫಿಲ್ಲಿಂಗಲ್ಲಿ ಬಳಸ್ತೀವಿ, ಒಂದು ಹನಿ ಹತ್ತೀಲಿ ಸಾಕು. ಆದ್ರೆ ದವಡೆ ಕೆಳಗೆ ಗಟ್ಟಿ ಊತ, ನುಂಗೋಕೆ ಕಷ್ಟ, ಬಾಯಿ ತೆರೆಯೋಕಾಗ್ದೆ ಇರೋದು, ಜ್ವರ, ಉಸಿರು ಕಟ್ಟಿದ ಹಾಗೆ ಆದ್ರೆ ಬೆಳಗಾಗೋವರೆಗೂ ಕಾಯ್ಬೇಡಿ, ಡೆಂಟಲ್ ಕ್ಲಿನಿಕ್ ಬಾಗಿಲು ತೆಗೆಯೋದನ್ನೂ ಕಾಯ್ಬೇಡಿ, ನೇರ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗಿ, ಆ ಊತ ಕತ್ತಿಗೆ ಇಳಿದ್ರೆ ಉಸಿರಿನ ದಾರಿ ಮುಚ್ಚುತ್ತೆ. ಬಿದ್ದು ಪರ್ಮನೆಂಟ್ ಹಲ್ಲು ಪೂರ್ತಿ ಆಚೆ ಬಂದ್ರೆ, ಬೇರು ಮುಟ್ಟದೆ ಬೆಳ್ಳಗಿನ ಕಡೆ ಹಿಡ್ದು, ಕೊಳೆ ಇದ್ರೆ ಉಜ್ಜದೆ ಕ್ಷಣಮಾತ್ರ ತೊಳ್ದು, ಸಾಧ್ಯ ಆದ್ರೆ ಅಲ್ಲೇ ಗೂಡಿಗೆ ವಾಪಸ್ ಕೂರಿಸಿ, ಆಗದಿದ್ರೆ ಹಾಲಲ್ಲಿ ಮುಳುಗಿಸಿ, ಅರ್ಧ ಗಂಟೆಯೊಳಗೆ ನಮ್ಮ ಹತ್ರ ತನ್ನಿ. ಹಾಲುಹಲ್ಲಾದ್ರೆ ಮಾತ್ರ ವಾಪಸ್ ಕೂರಿಸೋಕೆ ಹೋಗ್ಬೇಡಿ, ಕೆಳಗೆ ಕಾಯ್ತಿರೋ ಹಲ್ಲಿಗೆ ಪೆಟ್ಟಾಗುತ್ತೆ.